ಫಿಲ್ಟರಿಗೆ ಸುತ್ತಿದ ಬೆಲ್ಟು

"ಟೆಂಪೊ ಹಿಂದಕ್ಕೆ ತಗೊಂಡು ಹೋಗು. ಇದು ಗಿರಾಕಿ ಬರುವ ಬಾಗಿಲು," ಎಂದರು ಹೋಟೆಲಿನ ಒಡತಿ ಅಕ್ಕು, ಗಲ್ಲಾದಿಂದ ಏಳದೆಯೇ.

"ಆಗೂದಿಲ್ರೀ. ಆಯಿಲ್ ಸೋರ್ಲಿಕತ್ತದ. ಚಾಲೂ ಮಾಡಿದ್ರ ಇಂಜಿನ್ನೇ ಹೋಗ್ತದ," ಎಂದಳು ಸುಮಂಗಲಾ, ಟೆಂಪೊದ ಕೆಳಗಿನಿಂದ.

ಪುಣೆಯ ಸ್ವಾರಗೇಟದ ಈ ಉಡುಪಿ ಹೋಟೆಲಿಗೆ ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರುವವಳು ಅವಳೇ. ಇಳಿಸುವುದು ಹಿಂಬಾಗಿಲಲ್ಲಿ. ಅಕ್ಕುವಿನ ಮಗ ಚೇತನ ಬೆಂಡೆಕಾಯಿ ಆರಿಸುವ ನೆಪದಲ್ಲಿ ಅವಳ ಬೆರಳು ಹಿಡಿಯುವುದೂ ಅಲ್ಲೇ. ಅವಳು ಬಿಡಿಸಿಕೊಳ್ಳುತ್ತಿರಲಿಲ್ಲ, ಸುಳ್ಳೇಕೆ.

ಆದರೆ ಅವಳು ಯಾರೆಂದು ಅಮ್ಮ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ತರಕಾರಿಯವಳು." ನಿನ್ನೆ ಅದು ಅವಳ ಕಿವಿಗೇ ಬಿದ್ದು ಮೈಯೆಲ್ಲ ಉರಿದುಹೋಯಿತು. "ನಾಳಿ ನಿಮ್ಮವ್ವಗ ಖರೇ ಹೇಳ್ರಿ. ಇಲ್ಲಾಂದ್ರ ಈ ಹೋಟೆಲಿಗೆ ತರಕಾರಿನೂ ಇಲ್ಲ, ನಾನೂ ಇಲ್ಲ," ಎಂದು ಹೇಳಿಯೇ ಹೋಗಿದ್ದಳು.

ಇವತ್ತು ನೋಡಿದರೆ ಇಂಜಿನ್ನಿನ ಈ ಆಯಿಲ್ ಫಿಲ್ಟರ್. ಬರೀ ಕೈಯಿಂದ ಬಿಗಿಯಬೇಕಾದುದನ್ನು ಅವಳ ಅಪ್ಪ ಮುರುಗೆಪ್ಪ, ಘಾಟಿನಲ್ಲಿ ಸೋರೀತೆಂದು ಹೆದರಿ, ಕಬ್ಬಿಣದ ಪಾನಾ ಹಾಕಿ ಬಿಗಿದಿದ್ದ. ಒಳಗಿನ ರಬ್ಬರ್ ಹಿಚುಕಿಹೋಗಿ ಈಗ ಸೋರುವುದೂ ಅದೇ, ಜಪ್ಪಯ್ಯ ಅಂದರೂ ಬಿಚ್ಚದಿರುವುದೂ ಅದೇ.

"ಎಂತ ಆಯ್ತು ಮಾರಾಯ್ತಿ?" ಚೇತನ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದ. "ಮೆಕ್ಯಾನಿಕನ್ನ ಕರೀಲಾ?"

"ಯಾಕ, ನನ್ನ ಕೈಗೇನಾಗೇದ?"

"ಸ್ಕ್ರೂಡ್ರೈವರ್ ಹೊಡೆದು ತೂತು ಮಾಡಿ ತಿರುಗಿಸು. ಬರ್ತದೆ."

"ತಗಡು ಹರಿದ್ರ ಹಿಡೀಲಿಕ್ಕೂ ಏನೂ ಉಳಿಯೂದಿಲ್ಲ. ನಿಮ್ಮ ಬೆಲ್ಟ್ ಬಿಚ್ರಿ."

"ಇಲ್ಲಿಯಾ?"

"ಮತ್ತ? ಅದಕ್ಕೂ ಹಿಂಬಾಗ್ಲಿಗೆ ಹೋಗ್ತೀರೇನು?"

ಅವನ ಕಿವಿ ಕೆಂಪಾಯಿತು. ಕಿಟಕಿಯ ಬಳಿ ದೋಸೆ ತಿನ್ನುತ್ತಿದ್ದವರೆಲ್ಲ ನೋಡುತ್ತಿದ್ದರು. ಆದರೂ ಬೆಲ್ಟ್ ಎಳೆದು ಕೊಟ್ಟ.

ಅವಳು ಅದನ್ನು ಫಿಲ್ಟರಿಗೆ ಬಿಗಿಯಾಗಿ ಸುತ್ತಿ, ನಡುವೆ ಸರಳು ತೂರಿಸಿ ತಿರುವಿದಳು. ಜಾರಿತು. ಎಣ್ಣೆ ಒರೆಸಿ ಮತ್ತೆ ಸುತ್ತಿದಳು. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಮೊಬೈಲ್ ಟಾರ್ಚ್ ಹಿಡಿದಿದ್ದ ಅವನನ್ನು ಕಂಡು ಸಿಟ್ಟಿನಲ್ಲೂ ನಗು ಬಂತು.

"ಬೆಳಕು ಫಿಲ್ಟರಿಗೆ ಹಿಡೀರಿ, ನನ್ನ ಮುಖಕ್ಕಲ್ಲ."

"ನೋಡ್ಲಿಕ್ಕೆ ಮುಖವೇ ಚಂದ ಉಂಟಲ್ಲ."

"ಚಂದ ಅಂತ ನಿಮ್ಮವ್ವಗ ಹೇಳ್ರಿ."

ಅವನು ಬೆಳಕನ್ನು ಫಿಲ್ಟರಿನತ್ತ ತಿರುಗಿಸಿದ. ಆ ಸಿಟ್ಟನ್ನೆಲ್ಲ ಅವಳು ಸರಳಿನ ಮೇಲೆ ಹಾಕಿದಳು. ಕಟ್ ಎಂದಿತು, ಫಿಲ್ಟರ್ ತಿರುಗಿತು. ಕಪ್ಪು ಎಣ್ಣೆ ಮೊಣಕೈವರೆಗೂ ಹರಿಯಿತು. ಬಿಚ್ಚಿದ ಫಿಲ್ಟರನ್ನು ಹಿಡಿದು ಅವಳು ಹೊರಗೆ ಬಂದಾಗ ಎದುರಿಗೇ ಅಕ್ಕು ನಿಂತಿದ್ದರು.

"ಚೇತನಾ! ನಡುಬೀದಿಯಲ್ಲಿ ಬೆಲ್ಟ್ ಬಿಚ್ಚಿ ಕೊಡ್ಲಿಕ್ಕೆ ಇವಳು ನಿನಗೆ ಯಾರು?"

ಸುಮಂಗಲಾ ಅವನತ್ತ ನೋಡಲಿಲ್ಲ. ಕಣ್ಣಿನಲ್ಲಿ ಬೇಡಿಕೊಳ್ಳುವ ಜಾಯಮಾನ ಅವಳದಲ್ಲ.

"ನಾನು ಮದುವೆ ಆಗುವ ಹುಡುಗಿ, ಅಮ್ಮ," ಎಂದ ಚೇತನ. ದನಿ ಕಿಟಕಿಯವರೆಗೂ ಕೇಳಿಸಿತು. "ಇಷ್ಟು ದಿನ ಹೆದರಿ ಮುಚ್ಚಿಟ್ಟೆ. ಅದು ನನ್ನ ತಪ್ಪು."

"ನಾನು ಒಪ್ಪದಿದ್ರೆ?"

"ಒಪ್ಪುವವರೆಗೆ ಕೇಳ್ತೇನೆ. ಆದ್ರೆ ಮದುವೆ ಇವಳನ್ನೇ."

ಅಕ್ಕು ಸುಮಂಗಲಾಳ ಎಣ್ಣೆಗೈಯನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು.

"ಅಳ್ತಾ ಇದ್ದೀಯಾ?" ಚೇತನ ಮೆಲ್ಲಗೆ ಕೇಳಿದ.

"ಇಲ್ಲ. ಸೀಟಿನ ಕೆಳಗ ಹೊಸಾ ಫಿಲ್ಟರ್ ಅದ, ಕೊಡು."

ರಬ್ಬರಿಗೆ ಬೆರಳಿನಿಂದ ಎಣ್ಣೆ ಸವರಿ, ಬರೀ ಕೈಯಿಂದ ಬಿಗಿದು, ಅವಳು ಎದ್ದಳು. ಆಮೇಲೆ ಅವನ ಬಿಳಿ ಅಂಗಿಯ ತೋಳನ್ನು ಕಪ್ಪು ಕೈಯಿಂದಲೇ ಗಟ್ಟಿಯಾಗಿ ಹಿಡಿದಳು.

"ನಡಿ ಒಳಗ. ನಿಮ್ಮವ್ವ ಬೈದ್ರ ಇಬ್ರೂ ಕೂಡೇ ಬೈಸ್ಕೊಳ್ಳೋಣು."