ಬ್ಯಾಕ್ ಒತ್ತಿ ನೋಡಿದ್ರಾ?

ತನ್ನ ವೆಬ್ ಪುಟ ‘ತಪ್ಪಿದೆ’ ಎಂದು ಮತ್ತೆ ವಾಪಸ್ ಬಂದಾಗ ಅವಳ ಮೂಗಿನ ತುದಿಯಲ್ಲೇ ಇದ್ದ ಕೋಪ ನೆತ್ತಿಗೇರಿತು. ಆಸ್ಪತ್ರೆಯೊಂದಕ್ಕೆ ಡಾಕ್ಟರ ಸಮಯ ಕಾದಿರಿಸುವ ಪುಟ ಅದು. ಬರೆದವಳು ಅವಳು, ಪರೀಕ್ಷಿಸುವವನು ಅವನು. ಆಫೀಸಿನಲ್ಲಿ ಅವನ ಅಡ್ಡಹೆಸರು ‘ಕೊಕ್ಕೆ’. ಅವನಿಗೆ ತನ್ನ ಮೇಲೇ ಏನೋ ಹಗೆ ಎಂದುಕೊಂಡು ಅವಳು ನೇರ ಅವನ ಮೇಜಿಗೆ ಹೋದಳು.

"ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಇದೆ."

"ಬ್ಯಾಕ್ ಒತ್ತಿ ನೋಡಿದ್ರಾ?" ಅವನು ಕುರ್ಚಿ ಬಿಟ್ಟುಕೊಟ್ಟ.

ಒಂದು ಸಮಯ ಕಾದಿರಿಸಿ ಬ್ಯಾಕ್ ಒತ್ತಿದಳು. ಹಿಂದಿನ ಪುಟವೇನೋ ಬಂತು. ಆದರೆ ಕಾದಿರಿಸುವ ಬಟನ್ ಮಾತ್ರ ‘ಸ್ವಲ್ಪ ಇರಿ’ ಎನ್ನುತ್ತ ಮಂಕಾಗಿ ಕೂತಿತ್ತು, ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಇದನ್ನ ಫೋನಲ್ಲಿ ತೆರೆದು ನಮ್ಮಮ್ಮನ ಕೈಗೆ ಕೊಟ್ಟು ನೋಡಿದ್ದೆ. ಫೋನ್ ತಾನೇ ಕೆಡಿಸಿದೆ ಅಂದ್ಕೊಂಡು ಅವರು ಇನ್ನೂ ಅದನ್ನ ಮುಟ್ಟಿಲ್ಲ," ಎಂದ ಅವನು.

ಅವಳ ಕೋಪ ಜರ್ರನೆ ಇಳಿಯಿತು.

ಅಷ್ಟರಲ್ಲಿ ಮ್ಯಾನೇಜರು ಬಂದರು. ಪುಟ ಇವತ್ತೇ ಹೊರಹೋಗಬೇಕು, ಬ್ಯಾಕ್ ಒತ್ತುವವರು ಯಾರಿದ್ದಾರೆ, ‘ಸರಿಯಿದೆ’ ಎಂದು ಬರೆದುಬಿಡು ಎಂದರು. ಆಗುವುದಿಲ್ಲ ಎಂದ ಅವನು. ಹಾಗಾದರೆ ನಿನಗೆ ಈ ತಂಡದಲ್ಲಿ ಜಾಗವಿಲ್ಲ ಎಂದರು ಅವರು.

ಅವಳು ಕುರ್ಚಿಯಿಂದ ಏಳಲಿಲ್ಲ. "ಪುಟ ನಂದು ಸರ್. ಸರಿಯಾಗೋವರೆಗೂ ಕೊಡಲ್ಲ."

ಬ್ರೌಸರ್ ಪುಟವನ್ನು ಹೊಸದಾಗಿ ತೆರೆಯದೆ, ಬಿಟ್ಟುಹೋದ ಸ್ಥಿತಿಯಲ್ಲೇ ತನ್ನ ನೆನಪಿನಿಂದ ಎತ್ತಿ ತರುತ್ತಿತ್ತು. ತೆರೆಯುವಾಗಷ್ಟೇ ಓಡಿ ಬಟನ್ ಸಜ್ಜುಗೊಳಿಸುವ ಅವಳ ಸ್ಕ್ರಿಪ್ಟ್ ಮತ್ತೆ ಓಡುತ್ತಲೇ ಇರಲಿಲ್ಲ. ಪುಟ ಮರಳಿ ಕಾಣಿಸಿಕೊಂಡಾಗಲೆಲ್ಲ ಬಟನ್ ಬಿಡಿಸುವಂತೆ ಬ್ರೌಸರ್ ಆಗ ಕೊಡುವ ‘ಪೇಜ್‌ಶೋ’ ಸೂಚನೆಗೆ ಕೆಲವು ಸಾಲು ಬರೆಯತೊಡಗಿದಳು. ಅವನು ಪಕ್ಕದಲ್ಲೇ ಬಾಗಿ ನಿಂತಿದ್ದ.

"ಇಲ್ಲೊಂದು ಬ್ರಾಕೆಟ್ ಬಿಟ್ಟಿದೀರಿ."

"ನೀವು ಸ್ವಲ್ಪ ದೂರ ನಿಂತ್ರೆ ಬಿಡಲ್ಲ."

ಅವನು ಸರಿಯಲಿಲ್ಲ. ಅವಳೂ ಮತ್ತೆ ಹೇಳಲಿಲ್ಲ.

ಬ್ಯಾಕ್ ಒತ್ತಿದರು. ಬಟನ್‌ಗೆ ಜೀವ ಬಂದಿತ್ತು. ಪುಟ ಅಂದೇ ಹೊರಹೋಯಿತು. ಆದರೆ ಎದುರುಮಾತು ಮ್ಯಾನೇಜರಿಗೆ ನುಂಗಲಾರದ ತುತ್ತಾಗಿತ್ತು. ಮರುದಿನವೇ ಅವನನ್ನು ಮೇಲಿನ ಮಹಡಿಯ ತಂಡಕ್ಕೆ ಹಾಕಿದರು.

ಅವನು ಸಾಮಾನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವಳು ಬಂದು ನಿಂತಳು. ಇನ್ನು ತನ್ನ ತಪ್ಪು ಹುಡುಕುವವರು ಯಾರು ಎಂದು ಕೇಳಿದಳು.

"ನಿಜ ಹೇಳ್ಲಾ? ತಪ್ಪು ಸಿಗದ ದಿನಾನೂ ನಿಮ್ಮ ಪುಟ ತೆರೆದಿಟ್ಕೊಂಡೇ ಕೂತಿರ್ತಿದ್ದೆ," ಎಂದ ಅವನು, ಪೆಟ್ಟಿಗೆಯಿಂದ ತಲೆಯೆತ್ತದೆ.

ಇಡೀ ಆಫೀಸಿನ ಕಿವಿ ಇತ್ತಲೇ ಇತ್ತು. ಮ್ಯಾನೇಜರೂ ಬಾಗಿಲಲ್ಲಿ ನಿಂತಿದ್ದರು. ಅವಳು ಪೆಟ್ಟಿಗೆಯ ಒಂದು ಬದಿ ಹಿಡಿದೆತ್ತಿದಳು.

"ಎಲ್ರೂ ನೋಡ್ತಿದಾರೆ," ಎಂದ ಅವನು ಮೆಲ್ಲಗೆ.

"ನೋಡಲಿ. ನಂಗೆ ನೀವಂದ್ರೆ ಇಷ್ಟ. ಅದನ್ನ ಕದ್ದುಮುಚ್ಚಿ ಹೇಳೋ ಅಭ್ಯಾಸ ನಂಗಿಲ್ಲ."

ಮ್ಯಾನೇಜರು ದಾರಿ ಬಿಟ್ಟರು. ಲಿಫ್ಟ್ ಖಾಲಿಯೇ ನಿಂತಿತ್ತು. ಇಬ್ಬರೂ ಮೆಟ್ಟಿಲನ್ನೇ ಹಿಡಿದರು, ಆದಷ್ಟು ನಿಧಾನವಾಗಿ.