ಪಿಸ್ತೂಲು ನಿನ್ನದು, ಬಾಗಿಲು ಅವರದು

ಅವನ ಬಲಗೈ ಸೊಂಟದ ಪಿಸ್ತೂಲಿನಿಂದ ಒಂದೇ ಅಂಗುಲ ದೂರದಲ್ಲಿತ್ತು.

ಎಡಗೈಯಲ್ಲಿ ಫೋನು. ಕ್ಯಾಮೆರಾ ನೇರ ನನ್ನ ಮೂಗಿಗೆ.

ನನ್ನ ಕೈಯಲ್ಲಿ ಏನಿತ್ತು ಗೊತ್ತೇ? ಕೊಲಾಚಿ. ಏಪ್ರಿಕಾಟ್ ಜಾಮು ತುಂಬಿದ ಬಿಸಿ ಬನ್ನು... ಅದನ್ನು ಹಿಡಿದುಕೊಂಡು ಯಾರನ್ನೂ ಹೆದರಿಸಲಾಗದು.

"ಯಾರಯ್ಯಾ ನೀನು?" ಎಂದ.

"ಲೈಲ್. ಖಾಸಗಿ ಪತ್ತೇದಾರ. ನೀನು ಟ್ರೇಸ್ ಗಿಡ್ರಿ ಅಲ್ವಾ?"

"ನನ್ನ ವಿಡಿಯೋ ನೋಡ್ತೀಯಾ?"

"ನಿದ್ದೆ ಬಾರದಾಗ."

ಟ್ರೇಸ್‌ನನ್ನು ಟೆಕ್ಸಾಸಿನ ಅಂಗಡಿಯವರೆಲ್ಲ ಬಲ್ಲರು. ಬಂದೂಕು ತರಬೇಡಿ ಎಂಬ ಬೋರ್ಡು ಕಂಡಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ನುಗ್ಗುತ್ತಾನೆ. ನಮ್ಮಲ್ಲಿ ಪಿಸ್ತೂಲು ಹೊತ್ತು ತಿರುಗುವುದು ತಪ್ಪಲ್ಲ; ಬೋರ್ಡು ಕಾನೂನಿನಂತೆ ಇದ್ದರಷ್ಟೇ ಅಂಗಡಿಗೆ ತರುವಂತಿಲ್ಲ. ಅವನು ಬೋರ್ಡಿನಲ್ಲಿ ತಪ್ಪು ಹುಡುಕುತ್ತಾನೆ. ಪೊಲೀಸರು ಬಂದು, ತಪ್ಪು ಅಂಗಡಿಯವರದೇ ಎಂದು ತಿರುಗಿ ಹೋಗುತ್ತಾರೆ. ಊರೆಲ್ಲ ವಿಡಿಯೋ ನೋಡಿ ನಗುತ್ತದೆ.

ಇಂದಿನ ಸರದಿ ಮಿಸ್ ವೆರ್ಲೀನ್ ಅವರ ಬೇಕರಿಯದು.

ಬೇಕರಿಯ ಹಿಂದಿನ ಕೋಣೆಯಲ್ಲಿ ಊರಿನ ಮುದುಕರು ಡಾಮಿನೊ ಆಡುತ್ತಾರೆ. ಹೋದ ತಿಂಗಳು ಒಬ್ಬರು ಬಿದ್ದ ಕಾಯಿ ಎತ್ತಿಕೊಳ್ಳಲು ಬಗ್ಗಿದರು. ಸೊಂಟದಿಂದ ಅಜ್ಜನ ಕಾಲದ ಪಿಸ್ತೂಲು ಜಾರಿತು... ಢಂ! ಗುಂಡು ಮಿಸ್ ವೆರ್ಲೀನ್ ಕಿವಿಯ ಪಕ್ಕದಲ್ಲೇ ಹಾದು ಒಲೆಯ ಬಾಗಿಲಲ್ಲಿ ತೂತು ಕೊರೆಯಿತು. ಮರುದಿನವೇ ಅವರು ಬೋರ್ಡು ಹಾಕಿಸಿದರು.

ಟ್ರೇಸ್ ಬರುತ್ತಾನೆಂಬ ಸುದ್ದಿ ಕೇಳಿ ಬೆಳಿಗ್ಗೆ ನನ್ನನ್ನು ಕರೆಸಿಕೊಂಡು ಹೇಳಿದ್ದರು. "ಲೈಲ್, ನನ್ನ ಬಾಗಿಲಲ್ಲಿ ಯಾರು ಬರಬೇಕು ಅಂತ ನಾನೇ ಹೇಳೋಕಾಗದಿದ್ರೆ, ಇವತ್ತೇ ಬೀಗ ಹಾಕ್ತೀನಿ."

ತಮಾಷೆಗೆ ಮಾತಾಡುವ ಹೆಂಗಸಲ್ಲ.

ಟ್ರೇಸ್ ಫೋನನ್ನು ಬೋರ್ಡಿನತ್ತ ತಿರುಗಿಸಿದ. ನಾನೂ ಓದಿದೆ. ಮತ್ತೊಮ್ಮೆ ಓದಿದೆ.

ನಮ್ಮ ರಾಜ್ಯದ ಕಾನೂನಿನ ಪ್ರಕಾರ ಅಂಥ ಬೋರ್ಡು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಇಂಗ್ಲಿಷ್ ಇತ್ತು. ಅದರ ಕೆಳಗೆ, ಮುದ್ದಾದ ಅಕ್ಷರಗಳಲ್ಲಿ, ಚೆಕ್ ಭಾಷೆ ಇತ್ತು. ಮಿಸ್ ವೆರ್ಲೀನ್ ಅಜ್ಜಿಯ ಮನೆಮಾತು.

"ಸ್ಪ್ಯಾನಿಷ್ ಎಲ್ಲಿ?" ಎಂದು ಪಿಸುಗುಟ್ಟಿದೆ.

"ಎರಡು ಭಾಷೆ ಅಂದ್ರಪ್ಪಾ. ನನ್ನ ಗಿರಾಕಿಗಳಿಗೆ ಬರೋ ಎರಡು ಹಾಕ್ಸಿದೆ."

ಟ್ರೇಸ್ ನಕ್ಕ. ಕೌಂಟರಿಗೆ ಒರಗಿ ನಿಂತು, ಪೊಲೀಸರನ್ನು ಕರೆಯಿರಿ, ನನಗೇನೂ ಅವಸರವಿಲ್ಲ ಎಂದ.

ಒಂದು ದಾರಿ ಉಳಿದಿತ್ತು. ಬೋರ್ಡು ಕೆಟ್ಟರೂ ಒಡತಿಯ ಬಾಯಿಮಾತು ಕೆಡುವುದಿಲ್ಲ. ಎದುರಿಗೆ ನಿಂತು ಹೋಗು ಎಂದ ಮೇಲೂ ಹೋಗದಿದ್ದರೆ ಅದು ಅಪರಾಧ. ಅದನ್ನು ಅವರ ಕಿವಿಯಲ್ಲಿ ಹೇಳಿದೆ. ನಿಮ್ಮ ಪರವಾಗಿ ನಾನೇ ಅಂದುಬಿಡಲೇ ಎಂದೂ ಕೇಳಿದೆ. ಬೇಡವೆಂದು ತಲೆಯಾಡಿಸಿದರು. ಅಂಗಡಿ ತಮ್ಮದು, ಬಾಯಿಯೂ ತಮ್ಮದೇ ಇರಲಿ ಎಂದರು.

ಆದರೆ ಆ ಅಂಗಡಿಯಲ್ಲಿ ಅವರು ಯಾರಿಗೂ ಹೋಗು ಎಂದವರೇ ಅಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡರು. ಅವನನ್ನು ದಿಟ್ಟಿಸಿದರು.

"ದೇವರು ನಿನ್ನ ಚೆನ್ನಾಗಿಟ್ಟಿರಲಿ, ಮಗಾ."

ನಮ್ಮ ಕಡೆ ಹೆಂಗಸರು ಆ ದನಿಯಲ್ಲಿ ಹರಸಿದರೆ ಮರ್ಯಾದಸ್ಥರು ಹ್ಯಾಟು ಎತ್ತಿಕೊಂಡು ಜಾಗ ಖಾಲಿ ಮಾಡುತ್ತಾರೆ. ಬೈಗುಳವಾದರೂ ವಾಸಿ. ಆದರೆ ಕೋರ್ಟಿಗೆ ಆ ಸೂಕ್ಷ್ಮ ಎಲ್ಲಿ ತಿಳಿಯಬೇಕು?

"ಹರಸಿದ್ರು. ಹೋಗು ಅನ್ಲಿಲ್ಲ," ಎಂದು ಟ್ರೇಸ್ ಫೋನಿಗೆ ವರದಿ ಒಪ್ಪಿಸಿದ.

ಆಗ ಹಿಂದಿನ ಕೋಣೆಯಲ್ಲಿ ಕುರ್ಚಿಗಳು ಸರಿದವು.

ಡಾಮಿನೊ ಮುದುಕರು ಹೊರಬಂದರು. ಮುಂದೆ ಎಮಿಲ್ ಕುಬೇಶ್. ಪ್ರತಿಯೊಬ್ಬರ ಸೊಂಟದಲ್ಲೂ ಒಂದೊಂದು ಉಬ್ಬು.

ಟ್ರೇಸ್ ಪಿಸ್ತೂಲಿನ ಹಿಡಿಯನ್ನು ಬಿಗಿಯಾಗಿ ಹಿಡಿದ. ನಾನು ಕೊಲಾಚಿ ಕೆಳಗೆ ಬಿಟ್ಟೆ. ಆ ಕ್ಷಣ ಯಾರಾದರೂ ಸೀನಿದ್ದರೆ ಒಲೆಗೆ ಇನ್ನಷ್ಟು ಕಿಟಕಿಗಳಾಗುತ್ತಿದ್ದವು...

ಎಮಿಲ್ ಅವನತ್ತ ನೋಡಲೇ ಇಲ್ಲ. ಮಿಸ್ ವೆರ್ಲೀನ್ ಎದುರು ಹ್ಯಾಟು ತೆಗೆದರು.

"ಬೋರ್ಡು ಬೇರೆಯವರಿಗೆ ಅಂದ್ಕೊಂಡಿದ್ವಿ, ತಾಯಿ. ತಪ್ಪಾಯ್ತು."

ಒಬ್ಬೊಬ್ಬರಾಗಿ ಬಾಗಿಲು ದಾಟಿದರು. ಹೊರಗೆ ಅವರ ಪಿಕಪ್ ಟ್ರಕ್ಕುಗಳ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು, ಬೀಗದ ಸದ್ದು. ಸೊಂಟ ಹಗುರ ಮಾಡಿಕೊಂಡು ಮರಳಿ ಬಂದರು. ಕಡೆಗೆ ಬನ್ನಿಗಾಗಿ ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ ಕೈಚೀಲದಲ್ಲಿ ಬೈಬಲ್ಲಿನ ಕೆಳಗೆ ತಡಕಾಡಿ, ಗೊಣಗುತ್ತ ಕಾರಿಗೆ ಹೋಗಿ ಬಂದರು.

ಈಗ ಅಂಗಡಿಯಲ್ಲಿ ಪಿಸ್ತೂಲು ಉಳಿದದ್ದು ಒಬ್ಬನ ಬಳಿ.

ಮಿಸ್ ವೆರ್ಲೀನ್ ಗಂಟಲು ಸರಿಮಾಡಿಕೊಂಡರು. ಬೈಬಲ್ಲಿನ ಕೀರ್ತನೆ ಓದುವಷ್ಟು ಮೆತ್ತಗೆ ಹೇಳಿದರು.

"ಟ್ರೇಸ್, ಇದು ನನ್ನ ಅಂಗಡಿ. ಪಿಸ್ತೂಲು ಇಟ್ಕೊಂಡು ಇಲ್ಲಿರೋದು ಬೇಡ. ಹೊರಗೆ ಹೋಗು."

ಫೋನು ಅಷ್ಟನ್ನೂ ಮುದ್ರಿಸಿಕೊಂಡಿತು. ಅವನದೇ ಫೋನು.

"ಹೋಗದಿದ್ರೆ?" ಎಂದು ನನ್ನನ್ನು ಕೇಳಿದ.

"ಸಾಕ್ಷಿ ನಿನ್ನ ಕೈಯಲ್ಲೇ ಇದೆ. ನಾನು ಹುಡುಕೋ ಶ್ರಮ ತಪ್ಪಿತು."

ಹಿಂದೆ ಹಿಂದೆ ಹೆಜ್ಜೆಯಿಟ್ಟು, ಬಾಗಿಲಿಗೆ ಬೆನ್ನು ಬಡಿದುಕೊಂಡು ಹೊರಗೋಡಿದ. ನಾನೂ ಅಟ್ಟಿಸಿಕೊಂಡು ಓಡಿದೆ... ಟ್ರಕ್ಕಿನಿಂದ ಇನ್ನೂ ದೊಡ್ಡದೇನಾದರೂ ತೆಗೆದರೆ? ತೆಗೆಯಲಿಲ್ಲ. ಪಿಸ್ತೂಲಿನ ಸಮೇತ ಸೊಂಟದ ಬೆಲ್ಟನ್ನೇ ಬಿಚ್ಚಿ ಒಳಗಿಟ್ಟು ಬೀಗ ಹಾಕಿದ. ಬೇಕರಿಯ ಬಿಸಿ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು.

"ಈಗ ಒಳಗೆ ಬರಬಹುದಾ?"

"ಅವರನ್ನೇ ಕೇಳು."

ಕೇಳಿದ. ಮಿಸ್ ವೆರ್ಲೀನ್ ಒಪ್ಪಿದರು. ಅಂಗಡಿಗೆ ಬೀಗ ಹಾಕುವ ಮಾತು ಮತ್ತೆ ಎತ್ತಲಿಲ್ಲ. ಅವನು ಸಾಲಿನಲ್ಲಿ ನಿಂತು ಕೊಲಾಚಿ ತೆಗೆದುಕೊಂಡ. ಒಂದು ಕೈಯಲ್ಲಿ ತಿನ್ನುತ್ತ, ಇನ್ನೊಂದರಲ್ಲಿ ಜಾರುವ ಪ್ಯಾಂಟು ಹಿಡಿದುಕೊಂಡಿದ್ದ.

ತನ್ನ ಹಕ್ಕನ್ನು ಯಾರೂ ಕಸಿಯಲಾರರು ಎನ್ನುತ್ತಿದ್ದ, ವಿಡಿಯೋಗಳಲ್ಲಿ. ಪ್ಯಾಂಟಿನ ಮಾತು ಎಲ್ಲೂ ಎತ್ತಿರಲಿಲ್ಲ.