ಹೆಡ್‌ಲೈಟ್ ಹಾಕಿದ ಹಗಲು

ತಪ್ಪು ನನ್ನದಲ್ಲ. ಜೊನೆಲ್‌ಳ ಕಿವಿಯ ಹಿಂದಿನ ಮಚ್ಚೆಯದು.

ಮದುವೆಯಾಗಿ ಮಗುವಾಗಿ ಇಷ್ಟು ಕಾಲವಾದರೂ ನಾನದನ್ನು ನೋಡಿರಲಿಲ್ಲ. ಅಲಬಾಮಾದ ಆ ಇಕ್ಕಟ್ಟು ರಸ್ತೆಯಲ್ಲಿ ಬಿಸಿಲು ಓರೆಯಾಗಿ ಕಾರಿನೊಳಕ್ಕೆ ಬಿದ್ದಿತ್ತು. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ತಲೆ ವಾಲಿಸಿ ಕಣ್ಣು ಮುಚ್ಚಿದ್ದಳು. ಎಳ್ಳುಕಾಳಿನಷ್ಟು ಮಚ್ಚೆ. ಯಾರೋ ಗುಟ್ಟಾಗಿ ಇಟ್ಟು ಹೋದ ಚುಕ್ಕಿ.

"ರಸ್ತೆ ನೋಡು, ಟೈರೆಲ್," ಕಣ್ಣು ಬಿಡದೆಯೇ ಹೇಳಿದಳು.

"ರಸ್ತೆನೇ ನೋಡ್ತಿದ್ದೀನಿ."

"ಸುಳ್ಳ. ನೀನು ನನ್ನ ನೋಡಿದ್ರೆ ಕೆನ್ನೆ ಬಿಸಿಯಾಗತ್ತೆ, ನಂಗೊತ್ತಾಗಲ್ವಾ?"

ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಮಿಕಾ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ಜೊನೆಲ್ ಕೂಡ ನಿಜವಾಗಿ ಮಲಗಿದಳು. ನಾನು ಮಚ್ಚೆಯನ್ನೇ ನೋಡುತ್ತಾ ಕಾರು ಓಡಿಸಿದೆ. ಮತ್ತೆ ರಸ್ತೆ ನೋಡಿದಾಗ ಮುಂದಿದ್ದ ಕಾರುಗಳೆಲ್ಲ ನಿಂತಿದ್ದವು. ಎದುರಿನಿಂದ ಬರುತ್ತಿದ್ದವೂ ನಿಂತಿದ್ದವು. ಆಕ್ಸಿಡೆಂಟ್ ಇಲ್ಲ, ಕೆಂಪು ದೀಪ ಇಲ್ಲ. ಎಲ್ಲರೂ ರಸ್ತೆಯಂಚಿನ ಹುಲ್ಲಿನ ಮೇಲೆ ಗಾಡಿ ಇಳಿಸಿಕೊಂಡು ಸುಮ್ಮನೆ ಕೂತಿದ್ದಾರೆ. ಒಬ್ಬ ಬಿಳಿಯ ಮುದುಕ ತನ್ನ ಕೆಂಪು ಪಿಕಪ್‌ನಿಂದ ಇಳಿದು, ಟೋಪಿ ಎದೆಗೆ ಒತ್ತಿಕೊಂಡು ಕಂಬದ ಹಾಗೆ ನಿಂತಿದ್ದಾನೆ.

ಹೊರಟಾಗಿನಿಂದಲೂ ಸಿಟ್ಟಿನಲ್ಲಿದ್ದೆ. ಈ ಊರುಗಳೇ ಹೀಗೆ ಅಂದುಕೊಂಡೆ. ಕೆಲಸವಿಲ್ಲ, ಹಗಲು ಹೊತ್ತಿನಲ್ಲಿ ರಸ್ತೆ ಮಧ್ಯೆ ಹರಟೆ. ಹಾರ್ನ್ ಒತ್ತಿದೆ. ಒಂದು ಸಲವಲ್ಲ, ಉದ್ದಕ್ಕೂ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಇದೇನು ನಿಮ್ಮಪ್ಪನ ರಸ್ತೆನಾ?" ಎಂದು ಕೂಗಿ, ಅಷ್ಟೂ ಕಾರುಗಳನ್ನು ಹಿಂದೆ ಹಾಕಿ ನುಗ್ಗಿದೆ.

ಮುಂದೆ ಒಂದು ತಿರುವು. ಅಲ್ಲಿ ಕಪ್ಪು ಸೂಟು, ಬಿಳಿ ಕೈಗವಸು ತೊಟ್ಟ ಒಬ್ಬಾತ ಚರ್ಚಿನ ಅಂಗಳದಿಂದ ಹೊರಡುವ ಕಾರುಗಳನ್ನು ಒಂದೊಂದಾಗಿ ರಸ್ತೆಗೆ ಬಿಡುತ್ತಿದ್ದ. ಎಲ್ಲದಕ್ಕೂ ಹೆಡ್‌ಲೈಟ್ ಉರಿಯುತ್ತಿತ್ತು. ನನ್ನ ಹಳೆ ಕಾರಿನ ಹೆಡ್‌ಲೈಟ್ ಸ್ವಿಚ್ ಕೆಟ್ಟು, ಹಗಲೂ ರಾತ್ರಿಯೂ ದೀಪ ಉರಿಯುತ್ತಲೇ ಇರುತ್ತದೆ. ಆತ ನನ್ನ ದೀಪ ನೋಡಿದ, ತನ್ನಂತೆಯೇ ಕಪ್ಪಾದ ನನ್ನ ಮುಖ ನೋಡಿದ, ತಲೆ ಬಾಗಿಸಿ "ಬನ್ನಿ" ಎಂಬಂತೆ ಸಾಲಿನೊಳಕ್ಕೆ ಕೈ ತೋರಿಸಿದ.

ಒಳಗೆ ಸೇರಿದ ಮೇಲೇ ಎಲ್ಲಕ್ಕಿಂತ ಮುಂದಿದ್ದ ಉದ್ದನೆಯ ಕಪ್ಪು ಗಾಡಿ ಕಂಡದ್ದು.

ಜೊನೆಲ್ ಎದ್ದಳು. ಹಿಂದೆ ನೋಡಿದಳು, ಮುಂದೆ ನೋಡಿದಳು.

"ಟೈರೆಲ್. ನಾವು ಯಾರ ಹೆಣದ ಹಿಂದೆ ಹೋಗ್ತಿದ್ದೀವಿ?"

"ನಂಗೇನು ಗೊತ್ತು?"

"ದೇವರೇ. ಆ ಹಾರ್ನ್… ನಾನು ಕನಸು ಅಂದ್ಕೊಂಡೆ. ನೀನಾ?"

ಹೆಣದ ಗಾಡಿಯ ಹಿಂದಿನ ಕಾರುಗಳು ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಳ್ಳುವುದು, ಎದುರಾದವರು ಅಂಚಿಗಿಳಿದು ನಿಲ್ಲುವುದು ಈ ಸೀಮೆಯ ಪದ್ಧತಿ ಎಂದು ಆಗ ನೆನಪಾಯಿತು. ರಸ್ತೆಯ ಎರಡೂ ಬದಿಯಲ್ಲಿ ಜನ ನಮ್ಮ ಕಾರಿಗೂ ಟೋಪಿ ತೆಗೆಯುತ್ತಿದ್ದರು.

*

ದೂರದ ಉತ್ತರದಲ್ಲಿ, ಮಿಶಿಗನ್‌ನ ಡೆಟ್ರಾಯಿಟ್‌ನಲ್ಲಿ ನಮ್ಮ ಸಂಸಾರ ನಡೆಯುವುದು ಬಾಗಿಲಲ್ಲಿ. ನಾನು ಗೋದಾಮಿನಲ್ಲಿ ರಾತ್ರಿಯಿಡೀ ಪೆಟ್ಟಿಗೆ ಎತ್ತಿ ಮನೆಗೆ ಬರುವ ಹೊತ್ತಿಗೆ ಅವಳು ಕೋಟು ಹಾಕಿಕೊಂಡು, ಮಿಕಾಳನ್ನು ಸೊಂಟದಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ನಿಂತಿರುತ್ತಾಳೆ. ಮಗು ಅವಳ ಕೈಯಿಂದ ನನ್ನ ಕೈಗೆ. "ಗಂಜಿ ಒಲೆ ಮೇಲಿದೆ." ಹಣೆಗೊಂದು ಮುತ್ತು. ಸಂಜೆ ಅವಳು ಪಾರ್ಲರಿನಲ್ಲಿ ಊರಿನವರ ಕೂದಲು ಹೆಣೆದು ಸುಸ್ತಾಗಿ ಬಂದಾಗ ಮಗು ನನ್ನ ಕೈಯಿಂದ ಅವಳ ಕೈಗೆ. ಮತ್ತೊಂದು ಮುತ್ತು. ಮಗು ನೋಡಿಕೊಳ್ಳುವವರಿಗೆ ಕೊಟ್ಟರೆ ಒಬ್ಬರ ಸಂಬಳ ಪೂರ್ತಿ ಅಲ್ಲಿಗೇ. ಹಾಗಾಗಿ ಹೀಗೆ. ಮುತ್ತಿಗೆ ತೆಂಗಿನೆಣ್ಣೆಯ ವಾಸನೆ ಇರುತ್ತಿತ್ತು. ಅವಳಿಲ್ಲದ ಹಾಸಿಗೆಯಲ್ಲಿ ಹಗಲು ಹೊತ್ತು, ಮಗು ನಿದ್ದೆ ಹೋದಾಗ, ಆ ವಾಸನೆಯನ್ನು ಹಿಡಿದುಕೊಂಡು ಮಲಗುವವನು ನಾನು. ಒಂದೇ ಮನೆಯಲ್ಲಿದ್ದು ಹೆಂಡತಿಗಾಗಿ ಹಂಬಲಿಸುವ ಗಂಡಸು ಎಲ್ಲಿ ಹೋಗಿ ದೂರು ಕೊಡಬೇಕು?

ಅವಳ ಸೋದರತ್ತೆ ಅರ್ಲೀನ್ ಫೋನ್ ಮಾಡಿದ್ದು ಆಗಲೇ. ಅತ್ತೆಗೆ ಅಲಬಾಮಾದ ಆಶ್‌ಬಿ ಎಂಬ ಊರಿನಲ್ಲಿ ಒಂದು ಪಾರ್ಲರ್. ಕೈಗಂಟು ನೋವಿನಿಂದ ಬಾಚಣಿಗೆ ಹಿಡಿಯಲಾಗುತ್ತಿಲ್ಲ. ಅಂಗಡಿ ನಿನಗೆ ಬಿಡ್ತೀನಿ, ಹಿಂದೆ ಎರಡು ಕೋಣೆ ಇದೆ, ಮಗುವನ್ನು ನಾನು ನೋಡ್ಕೊಳ್ತೀನಿ, ನಿನ್ನ ಗಂಡನಿಗೆ ಮರದ ಮಿಲ್ಲಿನಲ್ಲಿ ಹಗಲು ಕೆಲಸ ಉಂಟು. ಬರೋದಾದ್ರೆ ಈ ಭಾನುವಾರದೊಳಗೆ ಹೇಳು, ಇಲ್ಲದಿದ್ರೆ ಪಕ್ಕದೂರಿನವಳು ಕಾಯ್ತಿದ್ದಾಳೆ.

ಜೊನೆಲ್ ನನ್ನ ಮುಖ ನೋಡಿದ್ದಳು. "ನೀನು ಬೇಡ ಅಂದ್ರೆ ಬೇಡ. ಒಂದು ಸಲ ಹೋಗಿ ನೋಡೋಣ, ಅಷ್ಟೆ."

ನಾನು ಬೇಡ ಎನ್ನಲೆಂದೇ ಹೊರಟಿದ್ದೆ. ನನ್ನ ತಾತ ಇದೇ ಸೀಮೆಯಿಂದ ಓಡಿಹೋದವನು. ಕಪ್ಪು ಜನ ಬಿಳಿಯರಿಗೆ ದಾರಿ ಬಿಡಬೇಕಿದ್ದ ಕಾಲ; ಬಿಳಿಯ ಹೆಂಗಸು ಎದುರು ಬಂದಾಗ ಕಾಲುದಾರಿಯಿಂದ ಚರಂಡಿಗೆ ಇಳಿಯಲಿಲ್ಲ ಎಂದು ಬಿಳಿಯರು ಅವನನ್ನು ಹುಡುಕಿಕೊಂಡು ಬಂದರಂತೆ. ಅವನು ಅದೇ ದಿನ ಉತ್ತರಕ್ಕೆ ಹೋಗುವ ಬಸ್ಸು ಹತ್ತಿದ. "ನನ್ನ ಹೆಣ ಕೂಡ ಆ ಕಡೆ ಮುಖ ಮಾಡಬಾರದು" ಅನ್ನುತ್ತಿದ್ದ. ನನಗೆ ಅವನ ಆಸ್ತಿ ಏನೂ ಬಂದಿಲ್ಲ. ಸಿಟ್ಟು ಬಂದಿದೆ.

*

ಸ್ಮಶಾನದಲ್ಲಿ ಕಾರು ನಿಲ್ಲಿಸದೆ ಗತಿಯಿರಲಿಲ್ಲ. ಮುಂದೊಂದು, ಹಿಂದೊಂದು. ಇಳಿದೆವು. ದೊಡ್ಡ ನೇರಳೆ ಟೋಪಿಯ ಹೆಂಗಸೊಬ್ಬಳು ನಮ್ಮನ್ನು ಕಂಡು ಕಣ್ಣರಳಿಸಿದಳು. ಅರ್ಲೀನ್ ಅತ್ತೆ.

"ಜೊನೆಲ್? ನಿಂಗೆ ರೂಫಸ್ ಗೊತ್ತಿತ್ತೇನೇ?"

"ಇಲ್ಲ ಅತ್ತೆ. ಟೈರೆಲ್‌ಗೆ ಶಾರ್ಟ್‌ಕಟ್ ಗೊತ್ತಿತ್ತು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ಅಳೆದಳು. "ಓಹೋ. ಹಾರ್ನ್ ನಮ್ಮ ಅಳಿಯಂದು." ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿದ್ದುದು ಅಳುವಿನಿಂದಲ್ಲ.

ಸತ್ತವರು ಚರ್ಚಿನ ಹಿರಿಯರು, ರೂಫಸ್. ಅವರ ಹೆಂಡತಿ, ಊರೆಲ್ಲ ಗೌರವದಿಂದ ಮಿಸ್ ಹ್ಯಾಟಿ ಎಂದು ಕರೆಯುವ ಮುದುಕಿ, ಮಣ್ಣು ಹಾಕಿ ಬಂದವಳು ನನ್ನ ಕಾರಿನ ಮಿಶಿಗನ್ ನಂಬರ್ ನೋಡಿ ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಷ್ಟು ದೂರದಿಂದ ಬಂದ್ಯಾ ಕಂದ?"

"ಹೌದು, ಮ್ಯಾಮ್."

ಅಷ್ಟೇ ಬಾಯಿಗೆ ಬಂದದ್ದು. ಪಕ್ಕದಲ್ಲಿ ಜೊನೆಲ್ ನನ್ನ ಕಾಲು ತುಳಿದಳು.

ಚರ್ಚಿನ ಹಾಲಿನಲ್ಲಿ ಊಟ. ಕರಿದ ಕೋಳಿ, ಹೊಗೆ ಹಾಕಿದ ಮಾಂಸದೊಂದಿಗೆ ಬೇಯಿಸಿದ ಸೊಪ್ಪು, ಗೆಣಸಿನ ಪೈ, ಹಲ್ಲು ಜುಮ್ಮೆನ್ನುವಷ್ಟು ಸಿಹಿಯಾದ ತಣ್ಣನೆಯ ಟೀ. ಗುರುತಿಲ್ಲದ ಕೈಗಳು ತಟ್ಟೆಗೆ ಬಡಿಸುತ್ತಲೇ ಇದ್ದವು. ಮೋಸ ಮಾಡಿ ತಿನ್ನುವ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ತಟ್ಟೆ ಇಟ್ಟು ಮಿಸ್ ಹ್ಯಾಟಿಯ ಎದುರು ಹೋಗಿ ನಿಂತೆ.

"ಮ್ಯಾಮ್, ನಾನು ನಿಮ್ಮ ನೆಂಟ ಅಲ್ಲ. ಹಾರ್ನ್ ಹೊಡೆದವನು ನಾನೇ."

"ಗೊತ್ತಪ್ಪ. ಈ ಊರಲ್ಲಿ ಸುದ್ದಿ ಹಾರ್ನಿಗಿಂತ ಮುಂಚೆ ಬರತ್ತೆ. ಕೋಳಿ ತಿಂದ್ಯಾ?"

"ಬೈಯಲ್ವಾ ನೀವು?"

"ಬೈಯೋಕೆ ಇವತ್ತು ನಂಗೆ ಶಕ್ತಿ ಇಲ್ಲ. ಕೂತ್ಕೋ. ಯಾರ ಮೇಲೆ ಸಿಟ್ಟು?"

ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಹೇಳಿಬಿಟ್ಟೆ. ತಾತ, ಚರಂಡಿ, ಬಸ್ಸು. ಹೇಳುತ್ತಾ ಹೇಳುತ್ತಾ ದನಿ ಏರಿತು.

"ಈಗ ಗಾಡಿ ಇಳಿಸಿ ಟೋಪಿ ತೆಗೀತಾರೆ. ಸತ್ತ ಮೇಲೆ ದಾರಿ ಬಿಡ್ತಾರೆ, ಮ್ಯಾಮ್. ಬದುಕಿದ್ದಾಗ?"

ಪಕ್ಕದ ಮೇಜಿನಲ್ಲಿ ಚಮಚದ ಸದ್ದು ನಿಂತಿತು. ಗಂಡನನ್ನು ಈಗಷ್ಟೇ ಮಣ್ಣು ಮಾಡಿ ಬಂದವಳ ಎದುರು ನಾನು ಏನಂದೆ ಎಂದು ಆಗ ಹೊಳೆಯಿತು. ಅವಳು ಮಾತ್ರ ನನ್ನ ಟೀ ಲೋಟವನ್ನು ನನ್ನ ಕಡೆ ಸರಿಸಿದಳು.

"ಬದುಕಿದ್ದಾಗ ರೂಫಸ್ ದಾರಿ ಕೇಳಿ ತಗೊಂಡ. ಕೆಲವು ಸಲ ಕೊಟ್ರು. ಒಂದು ಸಲ ಹಲ್ಲು ಉದುರಿಸಿದ್ರು. ಮುಂದಿನ ಹಲ್ಲು ಕಟ್ಟಿಸಿದ್ದು ಅವನದು, ಆದರೂ ನಕ್ಕರೆ ಎಷ್ಟು ಚೆಂದ ಇದ್ದ ಗೊತ್ತಾ? ನಿನ್ನ ತಾತ ಹೋಗಿದ್ದು ಸರಿ. ನನ್ನ ಗಂಡ ಉಳಿದದ್ದೂ ಸರಿ. ಅದು ಅವರವರ ಜಗಳ, ಅವರು ಮಾಡಿ ಮುಗಿಸಿದ್ರು. ನಿನ್ನ ಜಗಳ ಯಾವುದು ಹೇಳು."

ಬಾಯಿ ತೆರೆದೆ. ಹಾಲಿನ ಆಚೆ ಕಿಟಕಿಯ ಬಳಿ ಜೊನೆಲ್ ನಿಂತಿದ್ದಳು. ಮಿಕಾ ಯಾರದೋ ಅಜ್ಜಿಯ ಟೋಪಿ ಹಾಕಿಕೊಂಡು ಮೂಗಿನ ತನಕ ಮುಳುಗಿದ್ದಳು. ಜೊನೆಲ್ ಕುತ್ತಿಗೆ ಹಿಂದಕ್ಕೆ ಚೆಲ್ಲಿ ನಕ್ಕಳು. ಮಧ್ಯಾಹ್ನದ ಬೆಳಕು ಅವಳ ಗಂಟಲಿನ ಮೇಲೆ ನಡುಗಿತು. ಆ ನಗುವನ್ನು ನಾನು ಬಹಳ ಕಾಲದಿಂದ ಫೋನಿನಲ್ಲಿ ಕೇಳುತ್ತಿದ್ದೆ, ಕಂಡಿರಲಿಲ್ಲ.

"ನನ್ನ ಹೆಂಡತಿ ಎಚ್ಚರ ಇರೋವಾಗ ನಾನು ಮಲಗಿರ್ತೀನಿ, ಮ್ಯಾಮ್," ಎಂದೆ.

ಮಿಸ್ ಹ್ಯಾಟಿ ನನ್ನನ್ನೇ ನೋಡಿದಳು. ಅವಳ ಕಣ್ಣು ತುಂಬಿದ್ದು ನನಗಾಗಿ ಅಲ್ಲ, ಗೊತ್ತು.

"ಹ್ಞಾಂ," ಎಂದಳು. "ಇದು ಜಗಳ ಆಡಬೇಕಾದದ್ದೇ."

*

ಹೊರಗೆ ಬಂದಾಗ ಜೊನೆಲ್ ಮಗುವನ್ನು ಕಾರಿನಲ್ಲಿ ಕೂರಿಸಿ ಬೆಲ್ಟು ಬಿಗಿಯುತ್ತಿದ್ದಳು.

"ಎಲ್ಲಿಗೆ?"

"ಮನೆಗೆ. ಅತ್ತೆಗೆ ಬೇಡ ಅಂತ ಹೇಳಿಬಿಟ್ಟೆ."

"ನನ್ನ ಕೇಳದೆ?"

"ನಿನ್ನ ಹಾರ್ನ್ ಕೇಳಿಸ್ಕೊಂಡೆನಲ್ಲ." ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಕೊಂದದ್ದು. "ದಿನವಿಡೀ ಉರೀತಿರೋ ಗಂಡನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾನೇನು ಮಾಡ್ಲಿ, ಟೈರೆಲ್? ಅದಕ್ಕಿಂತ ಬಾಗಿಲಲ್ಲಿ ಸಿಗೋ ಗಂಡನೇ ಮೇಲು. ಅವನು ಮುತ್ತಾದ್ರೂ ಕೊಡ್ತಾನೆ."

ನನಗೊಂದು ಹಳೆಯ ರೋಗವಿದೆ. ಬೈಗುಳ ತಾನಾಗಿ ಬರುತ್ತದೆ, ಬೇಕಾದ ಮಾತಿಗೆ ಕಾಯಬೇಕು. ಕಾರು ಹೊರಡಿಸಿದೆ. ಊರು ಹಿಂದೆ ಸರಿಯಿತು. ಪೈನ್ ಮರಗಳ ನಡುವಿನ ಖಾಲಿ ರಸ್ತೆ. ಜೊನೆಲ್ ಕಿಟಕಿಯಾಚೆ ಮುಖ ಮಾಡಿದ್ದಳು. ಹಾಗೆ ತಿರುಗಿದ್ದರಿಂದ ಮಚ್ಚೆ ಮತ್ತೆ ಕಂಡಿತು.

ಕಾರನ್ನು ರಸ್ತೆಯಂಚಿನ ಹುಲ್ಲಿಗೆ ಇಳಿಸಿ ನಿಲ್ಲಿಸಿದೆ.

"ಏನಾಯ್ತು?"

"ನಿನ್ನ ಕಿವಿ ಹಿಂದೆ ಒಂದು ಮಚ್ಚೆ ಇದೆ."

"ಹುಟ್ಟಿದಾಗಿಂದ ಇದೆ."

"ನಂಗೊತ್ತಿರಲಿಲ್ಲ ಕಣೇ." ನನ್ನ ದನಿ ಒಡೆಯಿತು. "ನಿನ್ನ ಜೊತೆ ಮಗು ಹುಟ್ಟಿಸಿದೀನಿ, ನಿನ್ನ ಕಿವಿ ಗೊತ್ತಿಲ್ಲ ನಂಗೆ. ಬೆಳಕಲ್ಲಿ ನಿನ್ನ ನೋಡೇ ಇಲ್ಲ. ತಾತನ ಸಿಟ್ಟನ್ನ ಕಾಯ್ತಾ ಕೂತಿದ್ದೆ, ನಿನ್ನ ಬಿಟ್ಟು."

ಅವಳು ತಿರುಗಿದಳು. ಕಣ್ಣಲ್ಲಿ ನೀರು, ತುಟಿಯ ಮೂಲೆಯಲ್ಲಿ ಇನ್ನೂ ನಂಬದ ಒಂದು ಮಡಿಕೆ.

"ಈ ಊರು ಇಷ್ಟ ಆಯ್ತಾ ನಿಂಗೆ?"

"ಇಲ್ಲ. ಟೀ ಅಂತೂ ಪಾಕ. ಯಾರಾದ್ರೂ ನನ್ನ ದಾರಿಯಿಂದ ಇಳಿ ಅಂದ್ರೆ ಜಗಳ ಆಡ್ತೀನಿ, ಈಗಲೇ ಹೇಳಿದೀನಿ."

"ಆಡು. ಆಮೇಲೆ ಊಟಕ್ಕೆ ಬಾ."

"ನಾನು ಈ ಊರಿಗೆ ಬರ್ತಿಲ್ಲ, ಜೊನೆಲ್. ನಿನ್ನ ಹಗಲಿಗೆ ಬರ್ತಿದ್ದೀನಿ. ನಿನ್ನ ಪಕ್ಕ ಮಲಗಿ, ನಿನ್ನ ಪಕ್ಕದಲ್ಲೇ ಏಳಬೇಕು. ಅಷ್ಟೇ ನನ್ನ ಜಗಳ."

ಅವಳು ನನ್ನ ಶರ್ಟಿನ ಕಾಲರ್ ಹಿಡಿದು ಎಳೆದಳು. ಬಾಗಿಲಲ್ಲಿ ಕೊಡುವಂಥ ಮುತ್ತಲ್ಲ ಅದು. ಅದಕ್ಕೆ ಹೊರಡುವ ಅವಸರವಿರಲಿಲ್ಲ. ತೆಂಗಿನೆಣ್ಣೆಯ ವಾಸನೆ, ಗೆಣಸಿನ ಸಿಹಿ, ಕಣ್ಣೀರಿನ ಉಪ್ಪು. ಹಿಂದಿನ ಸೀಟಿನಿಂದ ಮಿಕಾ ಚಪ್ಪಾಳೆ ತಟ್ಟಿದಳು.

ಎಷ್ಟೋ ಹೊತ್ತಿನ ಮೇಲೆ ಜೊನೆಲ್ ನನ್ನ ಭುಜದ ಮೇಲಿಂದ ಹಿಂದೆ ನೋಡಿ, "ಅಯ್ಯೋ!" ಎಂದು ಬಾಯಿ ಮುಚ್ಚಿಕೊಂಡಳು.

ನಮ್ಮ ಹಿಂದೆ ಅದೇ ಕೆಂಪು ಪಿಕಪ್. ಅದರ ಹಿಂದೆ ಇನ್ನೊಂದು ಕಾರು. ಎದುರುಗಡೆ ಒಂದು ಹಾಲಿನ ಟ್ಯಾಂಕರ್. ಉರಿಯುವ ಹೆಡ್‌ಲೈಟ್, ಅಂಚಿಗೆ ಇಳಿದ ಕಾರು ನೋಡಿ ಎಲ್ಲರೂ ಶಿಸ್ತಾಗಿ ರಸ್ತೆ ಬಿಟ್ಟು ನಿಂತಿದ್ದರು. ಮುದುಕ ಟೋಪಿ ಎದೆಗೊತ್ತಿಕೊಂಡು ಅತ್ತಿತ್ತ ಹೆಣದ ಗಾಡಿ ಹುಡುಕುತ್ತಿದ್ದ. ಕೊನೆಗೆ ನಮ್ಮ ಕಿಟಕಿಯ ಬಳಿಗೆ ಬಂದ. ನನ್ನ ಗುರುತು ಹಿಡಿದ. ನನ್ನ ಕೈ ಸ್ಟಿಯರಿಂಗಿನ ಮೇಲೆ ಬಿಗಿಯಿತು, ಹಳೆಯ ಅಭ್ಯಾಸ.

"ಓ, ನೀನಾ," ಎಂದ ಅವನು. "ಈಗ ಯಾರಪ್ಪ ಹೋದದ್ದು?"

ಜೊನೆಲ್ ನನ್ನ ತೋಳಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಆ ನಗು ನನ್ನ ಮೈಯೊಳಗೇ ಓಡಾಡಿತು.

"ನನ್ನ ನೈಟ್ ಶಿಫ್ಟ್, ಸರ್," ಎಂದೆ.

ಮುದುಕನಿಗೆ ಅರ್ಥವಾಯಿತೋ ಇಲ್ಲವೋ. ನನ್ನ ಕಾಲರನ್ನು ಇನ್ನೂ ಹಿಡಿದಿದ್ದ ಅವಳ ಕೈ ನೋಡಿದ, ಟೋಪಿ ತಲೆಗಿಟ್ಟುಕೊಂಡ, ನಾನು ಕಾರನ್ನು ಆಶ್‌ಬಿಯ ಕಡೆಗೆ ತಿರುಗಿಸಲೆಂದು ರಸ್ತೆ ಮಧ್ಯೆ ನಿಂತು ಎರಡೂ ಕಡೆಯ ಗಾಡಿಗಳನ್ನು ತಡೆದ.